ಜುಲೈನಲ್ಲಿ ಕೊಡಗಿನ ರೆಸಾರ್ಟ್: ದರ ಇಳಿಸುವುದು ಹೇಗೆ?

ನಮಸ್ಕಾರ. ಅಪ್ಪ-ಅಮ್ಮನ ಮದುವೆ ವಾರ್ಷಿಕೋತ್ಸವಕ್ಕೆ ಜುಲೈನಲ್ಲಿ ಕೊಡಗಿನ ಒಳ್ಳೇ ರೆಸಾರ್ಟ್ ಕಡಿಮೆ ದರಕ್ಕೆ ಬೇಕು ಅಂದಿದ್ದೀರಿ. ಮಳೆಗಾಲ ಅಲ್ಲಿ ಆಫ್ ಸೀಸನ್, ನಿಮ್ಮ ಅದೃಷ್ಟ! ಶನಿವಾರ-ಭಾನುವಾರ ಬಿಡಿ, ಬೆಂಗಳೂರೆಲ್ಲ ಅಲ್ಲೇ ಇರುತ್ತೆ. ಸೋಮವಾರದಿಂದ ಗುರುವಾರದೊಳಗೆ ನೋಡಿ.

ಆ್ಯಪ್‌ನಲ್ಲಿ ತೋರಿಸುವ ದರಕ್ಕೆ ತೆರಿಗೆ ಸೇರಿಸಿಯೇ ಹೋಲಿಸಿ. ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ ಶೇ. 18, ಅದರೊಳಗಿದ್ದರೆ ಶೇ. 5. ಅಂದರೆ 7,600ರ ರೂಮಿಗೆ 8,968 ಆಗುತ್ತೆ, 7,400ರದಕ್ಕೆ 7,770 ಮಾತ್ರ. ಇನ್ನೂರರ ವ್ಯತ್ಯಾಸ ಸಾವಿರ ದಾಟಿಬಿಡುತ್ತೆ.

ಆಮೇಲೆ ರೆಸಾರ್ಟಿಗೇ ಫೋನ್ ಮಾಡಿ ಆ ದರ ಹೇಳಿ. ನಾನು ಹಾಗೆ ಕೇಳಿದಾಗ ಅದೇ ದರಕ್ಕೆ ಬೆಳಗಿನ ತಿಂಡಿಯನ್ನೂ ಸೇರಿಸಿಕೊಟ್ಟರು. ವಾರ್ಷಿಕೋತ್ಸವ ಅಂತ ತಪ್ಪದೆ ತಿಳಿಸಿ. ಮಳೆಗೆ ರಸ್ತೆ ಬಂದ್ ಆಗಬಹುದು, ಹಾಗಾಗಿ ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ಬುಕ್ ಮಾಡಿ.