ಗ್ಲೆನ್‌ಬೋಯಿಗ್ ಇಟ್ಟಿಗೆ ಮಲ್ಪೆಯ ಬಚ್ಚಲಿಗೆ ಬಂದದ್ದು ಹೇಗೆ?

"ಮನೆಯಲ್ಲಿ ಹಳೆ ಇಟ್ಟಿಗೆ, ಹಂಚು ಇದ್ದರೆ ಬರೆಯಿರಿ" ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಒಂದು ಸಾಲು ಹಾಕಿದ್ದರು. ಪತ್ರ ಬಂದವು, ಫೋಟೊ ಬಂದವು. ಒಬ್ಬರಂತೂ ಆಟೋದಲ್ಲಿ ಇಟ್ಟಿಗೆಯನ್ನೇ ಹೇರಿ ಕಳಿಸಿದ್ದಾರೆ. ಬಾಡಿಗೆ ನಾನು ಕೊಟ್ಟೆ, ಪರವಾಗಿಲ್ಲ. ಹಂಚಿನ ಕಾರ್ಖಾನೆಯಲ್ಲಿ 34 ವರ್ಷ ಭಟ್ಟಿ ನೋಡಿಕೊಂಡವನು ನಾನು. ಈಗ ಮಂಗಳೂರಿನ ಬೋಳಾರದ ಮನೆಯಂಗಳದಲ್ಲಿ ಇಟ್ಟಿಗೆ ಜೋಡಿಸಿಕೊಂಡು ಕೂತಿದ್ದೇನೆ. ಬಟ್ಟೆ ಒಣಗಿಸಲು ಜಾಗ ಇಲ್ಲ ಎಂಬ ದೂರು ಮನೆಯೊಳಗಿಂದ ದಿನಾ ಬರುತ್ತದೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನಿಮ್ಮ ಪ್ರಶ್ನೆಗಳಿಗೆ ಉಂಟು.

ಅಜ್ಜನ ಮನೆಯ ಬಚ್ಚಲು ಕೆಡವುವಾಗ ಹಂಡೆ ಒಲೆಯ ಬದಿಯಲ್ಲಿ ಮಾಸಿದ ಹಳದಿ ಬಣ್ಣದ ಎರಡು ಇಟ್ಟಿಗೆ ಸಿಕ್ಕಿದವು. ಇಂಗ್ಲಿಷಿನಲ್ಲಿ 'ಗ್ಲೆನ್‌ಬೋಯಿಗ್' ಎಂದು ಬರೆದಿದೆ. ಒಂದು ಬದಿ ಕಪ್ಪು ಗಾಜಿನ ಹಾಗೆ ಹೊಳೆಯುತ್ತದೆ, ಉಳಿದ ಕಡೆ ಸುಣ್ಣದ ಗಾರೆ ಅಂಟಿದೆ. ಇದು ಏನು, ಎಲ್ಲಿಂದ ಬಂತು? ಮಾರಿದರೆ ಎಷ್ಟು ಸಿಗಬಹುದು? (ಮಲ್ಪೆಯ ಓದುಗರು)

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ: ಹೇಳಿಕೊಳ್ಳುವಷ್ಟು ಏನೂ ಸಿಗುವುದಿಲ್ಲ ಮಾರಾಯ್ರೇ. ಸ್ಕಾಟ್ಲೆಂಡಿನಲ್ಲಿ ಇಂಥವು ಕಡಲ ಬದಿಯಲ್ಲಿ ಅಲೆಗೆ ಸವೆದು, ಮೂಲೆ ಉರುಟಾಗಿ ಸುಮ್ನೆ ಬಿದ್ದಿರುತ್ತವೆ. ನನ್ನ ಹತ್ತಿರ ಇರುವ ಎಷ್ಟೋ ಇಟ್ಟಿಗೆಗೆ ನಾನು ಕೊಟ್ಟ ಬೆಲೆ ಗುಜರಿ ಅಂಗಡಿಯವರ ಜೊತೆ ಕುಡಿದ ಒಂದು ಚಹಾ.

ಆದರೆ ನಿಮ್ಮದು ಒಳ್ಳೆ ಇಟ್ಟಿಗೆ. ಗ್ಲೆನ್‌ಬೋಯಿಗ್ ಎಂಬುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪೂರ್ವಕ್ಕೆ, ಲ್ಯಾನಾರ್ಕ್‌ಶೈರಿನ ಒಂದು ಹಳ್ಳಿ. ಆ ಕಡೆಯ ಕಲ್ಲಿದ್ದಲಿನ ಪದರಗಳ ನಡುವೆ ಫೈರ್‌ಕ್ಲೇ ಎಂಬ ಮಣ್ಣು ಸಿಗುತ್ತದೆ. ನಮ್ಮ ಹಾಗೆ ಗದ್ದೆಯಿಂದ ಅಗೆಯುವ ಮಣ್ಣಲ್ಲ, ಭೂಮಿಯೊಳಗೆ ಗಣಿ ತೋಡಿ ತೆಗೆಯುವುದು. ಗ್ಲಾಸ್ಗೋದ ಜೇಮ್ಸ್ ನೀಲ್ಸನ್ 1828ರಲ್ಲಿ ಕಬ್ಬಿಣದ ಕುಲುಮೆಗೆ ತಣ್ಣಗಿನ ಗಾಳಿಯ ಬದಲು ಬಿಸಿ ಗಾಳಿ ಊದುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಲ್ಲಿದ್ದಲು ಉಳಿಯಿತು, ಕುಲುಮೆಗಳು ಹೆಚ್ಚಿದವು. ಅಷ್ಟು ಕಾವು ತಡೆಯುವ ಇಟ್ಟಿಗೆಗೂ ಬೇಡಿಕೆ ಬಂತು. 1882ರಲ್ಲಿ ಆ ಹಳ್ಳಿಯ ಕಂಪನಿಗಳು ಸೇರಿ ಗ್ಲೆನ್‌ಬೋಯಿಗ್ ಯೂನಿಯನ್ ಫೈರ್‌ಕ್ಲೇ ಕಂಪನಿ ಆಯಿತು. ಅವರ ಇಟ್ಟಿಗೆ ದೇಶ ದೇಶಗಳಿಗೆ ಹೋಯಿತು.

ಇಲ್ಲೇ ಇಷ್ಟು ಮಣ್ಣು ಇರುವಾಗ ಅಲ್ಲಿಂದ ಯಾಕೆ ತರಬೇಕಿತ್ತು ಅನ್ನಬಹುದು. ನೇತ್ರಾವತಿ, ಗುರುಪುರ ಹೊಳೆ ಬದಿಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಹಂಚಿಗೆ ಆ ಚಂದದ ಕೆಂಪು ಬರುವುದು ಅದರಿಂದಲೇ. ಸಾವಿರ ಡಿಗ್ರಿ ಹತ್ತಿರದವರೆಗೆ ಅದು ಸರಿಯಾಗಿ ಬೇಯುತ್ತದೆ, ಕಾವು ಇನ್ನೂ ಏರಿದರೆ ಮೆತ್ತಗಾಗುತ್ತದೆ. ಒಮ್ಮೆ ಹುಡುಗಾಟಕ್ಕೆ ನಮ್ಮದೇ ಮಣ್ಣಿನ ಇಟ್ಟಿಗೆಯೊಂದನ್ನು ಬೆಂಕಿ ಬಾಯಿಯಲ್ಲಿ ಇಟ್ಟು ನೋಡಿದ್ದೆ. ಮಳೆಗಾಲದ ಬೆಲ್ಲದಚ್ಚಿನ ಹಾಗೆ ಮೂಲೆ ಜಾರಿ ಕೂತಿತು. ಫೈರ್‌ಕ್ಲೇಯಲ್ಲಿ ಕಬ್ಬಿಣ ಕಡಿಮೆ, ಕಾವು ತಡೆಯುವ ಅಲ್ಯುಮಿನ ಹೆಚ್ಚು. ಅದಕ್ಕೇ ಬಣ್ಣ ಮಾಸಲು ಹಳದಿ. 1500 ಡಿಗ್ರಿ ದಾಟಿದರೂ ಒಳ್ಳೆಯ ಫೈರ್‌ಕ್ಲೇ ಇಟ್ಟಿಗೆ ಜಗ್ಗುವುದಿಲ್ಲ. ಉಗಿ ಬಾಯ್ಲರ್, ರೈಲು ಇಂಜಿನ್, ಎರಕದ ಒಲೆ, ಹೀಗೆ ಬೆಂಕಿ ಜೋರಾಗಿ ಉರಿಯುವ ಕಡೆಗೆಲ್ಲ ಒಳಗೋಡೆಗೆ ಇಂಥ ಇಟ್ಟಿಗೆಯೇ ಬೇಕು.

ಈಗ ನಿಮ್ಮ ಇಟ್ಟಿಗೆಯ ಮೈ ನೋಡೋಣ. ಆ ಗಾಜಿನಂಥ ಕಪ್ಪು ಬದಿ ಬೆಂಕಿಗೆ ಎದುರಾಗಿದ್ದ ಮುಖ. ಬೂದಿ ಹಾರಿ ಬಂದು ಅಂಟಿ, ಆ ಕಾವಿಗೆ ಕರಗಿ ಗಾಜಾದದ್ದು. ಸ್ನಾನದ ನೀರು ಕಾಯಿಸುವ ತೆಂಗಿನ ಮಡಲಿನ ಬೆಂಕಿಗೆ ಹಾಗೆ ಆಗುವುದಿಲ್ಲ. ಹಾಗಾಗಿ ಅದು ಮೊದಲು ದುಡಿದದ್ದು ಬೇರೆ ಕಡೆ. ಸುಣ್ಣದ ಗಾರೆಯೂ ಅದನ್ನೇ ಹೇಳುತ್ತದೆ. ಬಾಯ್ಲರಿನಲ್ಲಿ ಈ ಇಟ್ಟಿಗೆ ಕಟ್ಟುವಾಗ ಯಾರೂ ಸುಣ್ಣ ಹಾಕುವುದಿಲ್ಲ. ಸುಣ್ಣ ತಾಗಿದ ಕಡೆ ಇಟ್ಟಿಗೆ ಬೇಗ ಕರಗುತ್ತದೆ. ಫೈರ್‌ಕ್ಲೇ ಪುಡಿಯನ್ನೇ ನೀರಲ್ಲಿ ಕಲಸಿ ತೆಳ್ಳಗೆ ಸವರಿ ಕೂರಿಸುತ್ತಾರೆ. ಅಂದರೆ ಸುಣ್ಣ ನಿಮ್ಮ ಅಜ್ಜನ ಮನೆಯದು, ಗಾಜು ಅದಕ್ಕಿಂತ ಮೊದಲಿನದು.

ಬಾಯ್ಲರಿನ ಒಳಗೋಡೆಯನ್ನು ಆಗಾಗ ಬಿಚ್ಚಿ ಹೊಸದು ಕಟ್ಟುತ್ತಾರೆ. ತೆಗೆದ ಇಟ್ಟಿಗೆಯನ್ನು ಕೆಲಸದವರು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ನಾವೂ ಹೊತ್ತಿದ್ದೇವೆ, ಸುಳ್ಳು ಯಾಕೆ ಹೇಳಲಿ? ಮೂರೂವರೆ ಕಿಲೋ ತೂಗುವ ಇಟ್ಟಿಗೆ ಎರಡನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಜೆಪ್ಪುವಿನ ಏರು ಹತ್ತುವುದು ತಮಾಷೆಯಲ್ಲ. ಮಲ್ಪೆಯಲ್ಲೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರ ಹಂಚಿನ ಕಾರ್ಖಾನೆ ಇತ್ತು. ನಿಮ್ಮ ಅಜ್ಜನೋ ಅವರ ಅಣ್ಣ ತಮ್ಮಂದಿರೋ ಎಲ್ಲಿ ಕೆಲಸಕ್ಕಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ. ಉತ್ತರ ಬಂದರೆ ಚೀಟಿಯಲ್ಲಿ ಬರೆದು ಇಟ್ಟಿಗೆಗೆ ಕಟ್ಟಿಡಿ. ಗಾರೆ ಮಾತ್ರ ಪೂರ್ತಿ ಕೆರೆಯಬೇಡಿ, ಒಂದು ಬದಿಯಲ್ಲಾದರೂ ಇರಲಿ.

ಸ್ಕಾಟ್ಲೆಂಡಿನವರು ಇಟ್ಟಿಗೆಗೆಲ್ಲ ಹೆಸರು ಯಾಕೆ ಒತ್ತುತ್ತಿದ್ದರು? ಸರಕಾರದ ತೆರಿಗೆಗಾಗಿ ಅಂತ ಒಬ್ಬರು ಹೇಳಿದರು. (ಪುತ್ತೂರಿನ ಶಿಕ್ಷಕಿ)

ಟೀಚರಮ್ಮ, ಅದು ಅರ್ಧ ಕತೆ. ಬ್ರಿಟನ್ನಿನಲ್ಲಿ ಇಟ್ಟಿಗೆಗೆ ತೆರಿಗೆ ಇದ್ದದ್ದು ನಿಜ. 1784ರಲ್ಲಿ ಶುರುವಾಯಿತು, ಸಾವಿರಕ್ಕೆ ಎರಡೂವರೆ ಶಿಲಿಂಗ್. ತೆರಿಗೆ ಲೆಕ್ಕದ ಮೇಲೆ, ಗಾತ್ರದ ಮೇಲಲ್ಲ. ಜನ ಬಿಟ್ಟಾರಾ? ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಆಮೇಲೆ ಸರಕಾರ ದೊಡ್ಡ ಇಟ್ಟಿಗೆಗೆ ಎರಡು ಪಟ್ಟು ಹಾಕಿತು. 1850ರಲ್ಲಿ ತೆರಿಗೆ ಹೋಯಿತು. ನಾವು ನೋಡುವ ಹೆಸರಿನ ಇಟ್ಟಿಗೆಗಳಲ್ಲಿ ಹೆಚ್ಚಿನವು ಅದರ ನಂತರದವು. ಹೆಸರು ಒತ್ತಿದ್ದು ಜಾಹೀರಾತಿಗೆ, ಅಷ್ಟೆ. ನೆತ್ತಿಯ ಮೇಲೆ ಗಾರೆ ಹಿಡಿಯಲು ಗುಂಡಿ ಹೇಗೂ ಬೇಕು. ಅದಕ್ಕೆ ಇಂಗ್ಲಿಷಿನವರು 'ಕಪ್ಪೆ' ಅನ್ನುತ್ತಾರೆ. ಗುಂಡಿ ಒತ್ತುವ ಅಚ್ಚಿನಲ್ಲೇ ಹೆಸರು ಕೆತ್ತಿದರೆ ಖರ್ಚಿಲ್ಲದೆ ಪ್ರಚಾರ.

ತೆರಿಗೆಯಿಂದಾಗಿಯೇ ಒತ್ತಿದ ಅಕ್ಷರ ಒಂದು ಉಂಟು, ಅದು 'ಡ್ರೇನ್'. ಗದ್ದೆಯ ನೀರು ಬಸಿಯಲು ನೆಲದಡಿ ಹೂಳುವ ಹಂಚಿಗೆ 1826ರ ಕಾನೂನು ತೆರಿಗೆ ಬಿಟ್ಟಿತು. ಆದರೆ ಹಂಚಿನ ಮೇಲೆ ಆ ಪದ ಒತ್ತಿರಬೇಕು. ಮನೆಗೆ ಹೊದೆಸಿದರೆ ಸಿಕ್ಕಿಬೀಳುತ್ತಾರೆ, ಅಲ್ವಾ?

ಈ ಬಸಿಹಂಚಿನಿಂದ ನಮ್ಮೂರಿಗೆ ಒಂದು ನಂಟು ಉಂಟು. ಎಡಿನ್‌ಬರ ಹತ್ತಿರ ಯೆಸ್ಟರ್ ಎಂಬಲ್ಲಿನ ದೊಡ್ಡ ಜಮೀನುದಾರ, ಟ್ವೀಡೇಲಿನ ಮಾರ್ಕ್ವಿಸ್, 1830ರ ದಶಕದಲ್ಲಿ ಅಂಥ ಹಂಚು ಮಾಡುವ ಯಂತ್ರವನ್ನೇ ಕಂಡುಹಿಡಿದಿದ್ದ. ಅದೇ ಮನುಷ್ಯ 1842ರಿಂದ 1848ರವರೆಗೆ ಮದ್ರಾಸಿನ ಗವರ್ನರ್. ಆಗ ಮಂಗಳೂರು ಮದ್ರಾಸಿನ ಕೈಕೆಳಗೆ. ಹಂಚಿನ ಯಂತ್ರ ಮಾಡಿದವನೇ ನಮ್ಮನ್ನು ಆಳಿದ, ನಾವು ಮಾತ್ರ ಮಾಡಿಗೆ ಮುಳಿಹುಲ್ಲು ಹೊದೆಸಿಕೊಂಡೇ ಇದ್ದೆವು! ಯಂತ್ರದ ಹಂಚು ಇಲ್ಲಿಗೆ ಬರಲು ಅವನು ಹೋದ ಮೇಲೆ ಇನ್ನೂ 17 ವರ್ಷ ಬೇಕಾಯಿತು. ತಂದವರು ಸ್ಕಾಟರಲ್ಲ, ಬಾಸೆಲ್ ಮಿಷನ್ನಿನ ಜರ್ಮನ್ ಪ್ಲೆಬ್ಸ್ಟ್.

ನಮ್ಮ ಹಂಚಿನಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಎಂದಿದೆ. 160 ವರ್ಷ ಹಳತು ಎಂದು ಒಬ್ಬರು ಒಂದಕ್ಕೆ ದೊಡ್ಡ ಬೆಲೆ ಹೇಳುತ್ತಿದ್ದಾರೆ. ತೆಗೆದುಕೊಳ್ಳಲೇ? (ಬಂಟ್ವಾಳ)

ಬೇಡ. 1865 ಎಂಬುದು ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹಂಚು ಹುಟ್ಟಿದ ವರ್ಷ ಅಲ್ಲ. ಅಲ್ಬುಕರ್ಕ್ ಕಂಪನಿಯ ಹಂಚಿನ ಮೇಲಿನ 1868 ಕೂಡ ಹಾಗೆಯೇ. ಅಂಗಡಿ ಬೋರ್ಡಿನಲ್ಲಿ 'ಸ್ಥಾಪನೆ' ಎಂದು ಬರೆಯುವುದಿಲ್ಲವೇ, ಅದರ ಹಾಗೆ. ಆ ಬೋರ್ಡು ನೋಡಿ ಒಳಗಿನ ಬನ್ಸೂ ಅಷ್ಟೇ ಹಳೆಯದು ಅಂದರೆ ಹೇಗೆ?

ವಯಸ್ಸು ತಿಳಿಯಲು ಬೇರೆ ದಾರಿ ಉಂಟು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶವಾದವು. ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆ ಹೆಸರಿದ್ದರೆ ಯುದ್ಧದ ನಂತರದ್ದು ಎಂದು ಧೈರ್ಯವಾಗಿ ಹೇಳಬಹುದು. ಮನೆ ಕಟ್ಟಿಸಿದ ಕಾಗದಪತ್ರ ಇದ್ದರೆ ಇನ್ನೂ ಒಳ್ಳೆಯದು. ರೀಪಿನ ಮೇಲೆ ಯಾವ ಸಾಲಿನಲ್ಲಿತ್ತು ಎಂದೂ ನೋಡಿ. ಸೂರಿನ ಅಂಚಿನ ಹಂಚು ಹೆಚ್ಚಾಗಿ ಬದಲಾಯಿಸಿದ್ದಾಗಿರುತ್ತದೆ. ತೆಂಗಿನಕಾಯಿ, ಮಂಗ, ಕೇಬಲ್ ಎಳೆಯುವ ಹುಡುಗರು, ಎಲ್ಲರ ಕಣ್ಣೂ ಅದರ ಮೇಲೆಯೇ.

ಹಳೆ ಬಂಗಲೆಯ ಹಿತ್ತಲಲ್ಲಿ ಕಂದು ಬಣ್ಣದ, ಎಣ್ಣೆ ಸವರಿದ ಹಾಗೆ ಹೊಳೆಯುವ ಮಣ್ಣಿನ ಪೈಪು ಸಿಕ್ಕಿದೆ. ಇದಕ್ಕೆ ಬಣ್ಣ ಹೊಡೆದಿದ್ದಾರೆಯೇ? (ಮೂಲ್ಕಿ)

ಬಣ್ಣ ಅಲ್ಲ, ಉಪ್ಪು. ಅಡುಗೆಗೆ ಹಾಕುವ ಅದೇ ಉಪ್ಪು. ಭಟ್ಟಿ ಪೂರ್ತಿ ಕಾದ ಮೇಲೆ ಬೆಂಕಿಗೆ ಉಪ್ಪು ಎರಚುತ್ತಾರೆ. ಅದು ಆವಿಯಾಗಿ ಮಣ್ಣಿನ ಸಿಲಿಕಾದ ಜೊತೆ ಸೇರಿ ಮೇಲೆ ತೆಳ್ಳಗೆ ಗಾಜು ಕಟ್ಟುತ್ತದೆ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಕಂಡರೆ ಉಪ್ಪಿನ ಹೊಳಪೇ. ಪೈಪಿನ ಅಗಲ ಬಾಯಿಯ ಹತ್ತಿರ ಹೆಸರು ಇರಬಹುದು, ಅಲ್ಲಿ ತೊಳೆದು ನೋಡಿ. ಅದೇ ಬಂಗಲೆಯಲ್ಲಿ ಬಿಳಿ ಪಿಂಗಾಣಿ ಕಮೋಡು ಇದ್ದರೆ ಅದನ್ನೂ ಬಿಡಬೇಡಿ. ಸ್ಕಾಟ್ಲೆಂಡಿನ ಬಾರ್‌ಹೆಡ್ ಎಂಬ ಊರಿನ ಶಾಂಕ್ಸ್ ಕಂಪನಿ ಇಂಥ ಸಾಮಾನಿಗೆ ಹೆಸರಾಗಿತ್ತು. ಕಮೋಡು ಸಂಗ್ರಹಿಸುವವರೂ ಇದ್ದಾರೆ. ನಾನಲ್ಲ.

ಕಲ್ಲಿದ್ದಲು ಗಣಿಯ ಕಸದಿಂದ ಅಲ್ಲಿ ಇಟ್ಟಿಗೆ ಮಾಡುತ್ತಿದ್ದರಂತೆ, ನಿಜವೇ? (ಸುರತ್ಕಲ್‌ನ ಇಂಜಿನಿಯರಿಂಗ್ ವಿದ್ಯಾರ್ಥಿ)

ನಿಜ. ಕಲ್ಲಿದ್ದಲಿನ ಜೊತೆ ಬರುವ ಜೇಡಿಗಲ್ಲನ್ನು ಅವರು 'ಬ್ಲೇಝ್' ಅನ್ನುತ್ತಾರೆ. ಅದನ್ನು ಅರೆದು, ಒತ್ತಿ, ಸುಟ್ಟು ಸಾಮಾನ್ಯ ಮನೆಗಳ ಇಟ್ಟಿಗೆ ಮಾಡಿದರು. ಕಲ್ಲಿನೊಳಗೇ ಒಂದಿಷ್ಟು ಇದ್ದಲ ಅಂಶ ಇರುವುದರಿಂದ ಇಟ್ಟಿಗೆ ತನ್ನನ್ನು ತಾನೇ ಅರ್ಧ ಸುಟ್ಟುಕೊಳ್ಳುತ್ತದೆ, ಉರುವಲಿನ ಖರ್ಚು ಕಡಿಮೆ. ಒಡೆದು ನೋಡಿದರೆ ಕೆಲವದರ ನಡುವೆ ಕಪ್ಪು ತಿರುಳು ಕಾಣುತ್ತದೆ. ಗಾಳಿ ಒಳಗೆ ತಲುಪದ ಗುರುತು ಅದು. ಇನ್ನೊಂದು ಜಾತಿ ಉಂಟು. ಜೇಮ್ಸ್ ಯಂಗ್ 1850ರಲ್ಲಿ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯಲು ಪೇಟೆಂಟ್ ಪಡೆದ ಮೇಲೆ ವೆಸ್ಟ್ ಲೋಥಿಯನ್ ಕಡೆ ಶೇಲ್ ಕಲ್ಲಿನಿಂದಲೂ ಎಣ್ಣೆ ತೆಗೆದರು. ಎಣ್ಣೆ ಬಸಿದು ಉಳಿದ ಕಲ್ಲು ಗುಡ್ಡ ಗುಡ್ಡವಾಗಿ ಬಿತ್ತು. ಆ ಕಸದ ಇಟ್ಟಿಗೆಗೆ 'ಎಸ್‌ಒಎಲ್' ಎಂಬ ಮೂರು ಅಕ್ಷರ ಒತ್ತಿದ್ದಾರೆ, ಸ್ಕಾಟಿಷ್ ಆಯಿಲ್ಸ್ ಲಿಮಿಟೆಡ್ ಎಂದು. ನಮಗೆ ಇಂಥ ಉಪಾಯ ಬೇಕಾಗಲಿಲ್ಲ. ಗೋಡೆಗೆ ಮುರಕಲ್ಲು ಕಾಲಡಿಯಲ್ಲೇ ಇತ್ತು.

ಪಾಚಿ ತೆಗೆಯಲು ಆ್ಯಸಿಡ್ ಹಾಕಬಹುದೇ? ಅಕ್ಷರ ಮಸುಕಾಗಿದ್ದರೆ ಓದುವುದು ಹೇಗೆ? (ಕಾರ್ಕಳ)

ಆ್ಯಸಿಡ್ ಬೇಡವೇ ಬೇಡ. ಎರಡು ದಿನ ನೀರಲ್ಲಿ ನೆನೆಸಿ, ತೆಂಗಿನ ನಾರಿನಲ್ಲಿ ಉಜ್ಜಿ. ಅಕ್ಷರದ ಸಂದಿಗೆ ಬಿದಿರಿನ ಕಡ್ಡಿ. ಬಿಸಿಲಿಗೆ ಒಣಗಿಸಬೇಡಿ, ನೆರಳಿನಲ್ಲಿ ವಾರಗಟ್ಟಲೆ ಇಡಿ. ಬಿಳಿ ಪುಡಿಯ ಹಾಗೆ ಉಪ್ಪು ಹೊರಬಂದರೆ ಮತ್ತೆ ಸಿಹಿನೀರಿನಲ್ಲಿ ನೆನೆಸಿ. ಕಡಲ ಬದಿಯ ಮನೆಯಿಂದ ತಂದದ್ದಕ್ಕೆ ಇದು ಮೂರ್ನಾಲ್ಕು ಸಲ ಬೇಕಾಗುತ್ತದೆ. ಓದುವುದಕ್ಕೆ ರಾತ್ರಿ ಲೈಟು ಆರಿಸಿ, ಟಾರ್ಚನ್ನು ಇಟ್ಟಿಗೆಯ ಮಟ್ಟಕ್ಕೆ ಹಿಡಿದು ಅಡ್ಡಲಾಗಿ ಬೆಳಕು ಬಿಡಿ. ಹಗಲು ಕಾಣದ ಅಕ್ಷರವೂ ನೆರಳು ಕಟ್ಟಿ ಎದ್ದು ನಿಲ್ಲುತ್ತದೆ.

ನಿಮ್ಮ ಸಂಗ್ರಹದಲ್ಲಿ ನಿಮಗೆ ಹೆಚ್ಚು ಇಷ್ಟದ್ದು ಯಾವುದು? (ಕುಂದಾಪುರ)

ಇಷ್ಟದ್ದು ಒಂದಿತ್ತು. ಈಗಲೂ ಇದೆ, ಆದರೆ ಕತೆ ಬೇರೆ. ಗ್ಲಾಸ್ಗೋ ಹತ್ತಿರದ ಗಾರ್ನ್‌ಕರ್ಕ್ ಕಾರ್ಖಾನೆಯ ಇಟ್ಟಿಗೆ ಅದು. ಅವರು ಇಟ್ಟಿಗೆ ಮಾತ್ರವಲ್ಲ, ತೋಟದ ಹೂದಾನಿ, ಹೊಗೆಗೂಡಿನ ಕೊಳವೆ ಎಲ್ಲ ಮಾಡುತ್ತಿದ್ದರು. ನನ್ನ ಇಟ್ಟಿಗೆಯಲ್ಲಿ ಹೆಸರಿನ ನಡುವಿನ ಎನ್ ಅಕ್ಷರ ತಿರುಗುಮುರುಗಾಗಿತ್ತು. ಅಚ್ಚು ಕೆತ್ತುವವನು ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೆತ್ತಬೇಕು. ಅವನು ಉಳಿದ ಏಳನ್ನು ಸರಿಯಾಗಿ ಕೆತ್ತಿ, ಆ ಒಂದನ್ನು ಮರೆತಿದ್ದ. ಊಟದ ಹೊತ್ತಾಗಿತ್ತೋ ಏನೋ. ನನಗೆ ಆ ಇಟ್ಟಿಗೆ ಮೇಲೆ ಪ್ರೀತಿ ಬಂದದ್ದೇ ಆ ಎನ್‌ನಿಂದ.

ಕೆಲವು ವರ್ಷದ ಹಿಂದೆ ಒಂದು ಶಾಲೆಯವರು ಪ್ರದರ್ಶನಕ್ಕೆಂದು ಕೇಳಿದರು, ಕೊಟ್ಟೆ. ವಾರ ಬಿಟ್ಟು ಒಬ್ಬ ಹುಡುಗ ಗೋಣಿಯಲ್ಲಿ ಸುತ್ತಿ ತಂದು ಕೊಟ್ಟ. ಬಿಚ್ಚಿ ನೋಡಿದರೆ ದೂರದಿಂದಲೂ ಕಾಣಲಿ ಎಂದು ಅಕ್ಷರಕ್ಕೆಲ್ಲ ಕೆಂಪು ಪೈಂಟ್ ಹೊಡೆದಿದ್ದಾರೆ. ಸಾಲದ್ದಕ್ಕೆ ಆ ಎನ್ ತಪ್ಪಾಗಿದೆ ಎಂದು ಗುಂಡಿಗೆ ಸಿಮೆಂಟು ತುಂಬಿ, ಅದರ ಮೇಲೆ ಸರಿಯಾದ ಎನ್ ಬರೆದಿದ್ದಾರೆ. "ಸರ್, ಸ್ಪೆಲ್ಲಿಂಗ್ ಸರಿ ಮಾಡಿದ್ದು ನಾನೇ" ಅಂದ ಹುಡುಗ. ನಾನು ಏನು ಹೇಳಲಿ? ಒಳಗಿನಿಂದ ಎರಡು ಗೋಳಿಬಜೆ ತರಿಸಿ ಕೊಟ್ಟು ಕಳಿಸಿದೆ. ಸಿಮೆಂಟನ್ನು ಬಿದಿರಿನ ಕಡ್ಡಿಯಲ್ಲಿ ಈಗಲೂ ಸ್ವಲ್ಪ ಸ್ವಲ್ಪ ಕೆರೆಯುತ್ತಿದ್ದೇನೆ. ಎಡಗಡೆಯ ಗೀಟು ಕಾಣಲು ಶುರುವಾಗಿದೆ.