.22 ಕೊಳ್ಳುವ ಮುಂಚೆ ಟ್ರಿಗರ್ ಒತ್ತಿ ನೋಡಿ

ಪ್ರಶ್ನೆ: ನಾನು ದಿನಾ ಸೊಂಟದಲ್ಲಿ ಇಟ್ಟುಕೊಳ್ಳುವುದು 9 ಎಂಎಂ ಗ್ಲಾಕ್ 19. ಗುಂಡಿನ ಖರ್ಚು ಜಾಸ್ತಿ ಆಗ್ತಿದೆ, ಅದಕ್ಕೆ ಅಭ್ಯಾಸಕ್ಕೊಂದು ಸಣ್ಣ, ಅಗ್ಗದ ಗುಂಡಿನ .22 ಪಿಸ್ತೂಲು ಬೇಕು. ನೋಡೋಕೆ ಅದೇ ಥರ ಇರುವುದನ್ನು ತಗೊಂಡರೆ ಸಾಕಲ್ವಾ?

ಉತ್ತರ: ಸಾಲದು. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಈ ಸಲ ಪೂರ್ತಿ ಬರೆದು ಮುಗಿಸಿಬಿಡುತ್ತೇನೆ.

ನಿಮ್ಮ ಅದೃಷ್ಟಕ್ಕೆ ಗ್ಲಾಕ್ 19ಕ್ಕೆ ಸರಿಜೋಡಿಯೇ ಇದೆ, 2020ರಲ್ಲಿ ಬಂದ ಗ್ಲಾಕ್ 44. ಅಳತೆ ಅದೇ, ಹಿಡಿ ಅದೇ, ನಿಮ್ಮ ಹೋಲ್‌ಸ್ಟರಿನಲ್ಲೇ ಕೂರುತ್ತದೆ, ಒಳಗಿರುವುದೂ ಸ್ಟ್ರೈಕರ್ರೇ, ಅಂದರೆ ಸ್ಪ್ರಿಂಗಿನ ಬಲದಿಂದ ನೇರ ನುಗ್ಗಿ ಗುಂಡು ಸಿಡಿಸುವ ಸೂಜಿ. ಕೈಗೆ ತಗೊಂಡರೆ ಮಾತ್ರ ಆಟಿಕೆಯಷ್ಟು ಹಗುರ ಅನ್ನಿಸುತ್ತದೆ. ಪೂರ್ತಿ ಉಕ್ಕಿನ ಭಾರದ ಸ್ಲೈಡನ್ನು (ಪ್ರತಿ ಗುಂಡಿಗೂ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಹಿಂದಕ್ಕೆ ತಳ್ಳುವಷ್ಟು ಕಸುವು .22ಕ್ಕೆ ಇಲ್ಲ, ಅದಕ್ಕೇ ಸ್ಲೈಡಿಗೂ ಪ್ಲಾಸ್ಟಿಕ್ ಸೇರಿಸಿದ್ದಾರೆ. ಮ್ಯಾಗಜಿನ್‌ಗೆ 10 ಗುಂಡು, ನಿಮ್ಮದಕ್ಕೆ 15. ಇದೆಲ್ಲ ಸಣ್ಣ ವಿಷಯ.

ಎಲ್ಲರಿಗೂ ಇಂಥ ಜೋಡಿ ಸಿಗುವುದಿಲ್ಲ. ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 22 ಕಾಂಪ್ಯಾಕ್ಟ್ ನೋಡೋಕೆ ತನ್ನ 9 ಎಂಎಂ ಅಣ್ಣನ ಹಾಗೇ ಇದೆ, ಆದರೆ ಗಾತ್ರ ದೊಡ್ಡ ಎಂ ಅಂಡ್ ಪಿಯ 87.5 ಶೇಕಡ ಮಾತ್ರ. ಒಳಗೆ ಸ್ಟ್ರೈಕರ್ ಬದಲು ಕಾಣದ ಹಾಗೆ ಹ್ಯಾಮರ್, ಅಂದರೆ ಸೂಜಿಗೆ ಬಡಿಯುವ ಸುತ್ತಿಗೆ, ಕೂತಿದೆ. ಸಿಗ್ ಪಿ322 ಕೂಡ ಹಾಗೇ, ಮ್ಯಾಗಜಿನ್‌ಗೆ 20 ಗುಂಡು ಹಿಡಿಯುತ್ತದೆ ಅಂತ ಜನ ಖುಷಿಯಾಗಿ ಕೊಳ್ಳುತ್ತಾರೆ, ಒಳಗೆ ಅವಿತಿರುವುದು ಹ್ಯಾಮರ್ರೇ. ಎರಡೂ ಒಳ್ಳೆಯ ಪಿಸ್ತೂಲುಗಳೇ, ಆದರೆ ಮೇಲಿನ ಹೆಸರು ಒಂದೇ ಇದ್ದ ಮಾತ್ರಕ್ಕೆ ಬೆರಳಿಗೆ ಸಿಗುವ ಟ್ರಿಗರ್ ಒಂದೇ ಆಗಲ್ಲ.

ಕೊಳ್ಳುವ ಮುಂಚೆ ಹೀಗೆ ಮಾಡಿ. ಎರಡೂ ಪಿಸ್ತೂಲು ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳು ಹಾಕಿಯೂ ನೋಡಿ. ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಇಟ್ಟುಕೊಂಡು, ಕಣ್ಣು ಮುಚ್ಚಿ, ಗುರಿ ಹಿಡಿಯುವ ಹಾಗೆ ಎತ್ತಿ, ಆಮೇಲೆ ಕಣ್ಣು ಬಿಡಿ. ನಿಮ್ಮ ಪಿಸ್ತೂಲಿನಲ್ಲಿ ಮುಂದಿನ ಸೈಟು, ಅಂದರೆ ಗುರಿ ನೋಡುವ ಮೊಳೆ, ಹಿಂದಿನ ಸೈಟಿನ ಸಂದಿನಲ್ಲಿ ಕೂತಿದ್ದು, .22ರಲ್ಲಿ ಆಕಾಶ ನೋಡುತ್ತಿದ್ದರೆ, ಹಿಡಿಯ ಓರೆ ಬೇರೆ ಅಂತ ಅರ್ಥ. ಆಮೇಲೆ ಟ್ರಿಗರ್ ನಿಧಾನಕ್ಕೆ ಒತ್ತಿ, ಎಲ್ಲಿ ಗಟ್ಟಿಯಾಗುತ್ತದೆ, ಬಿಟ್ಟಾಗ ಎಷ್ಟು ದೂರದಲ್ಲಿ ಮತ್ತೆ ಸಿದ್ಧವಾಗುತ್ತದೆ, ನೋಡಿ. ಹೆಬ್ಬೆರಳಿನ ಸೇಫ್ಟಿ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆ .22 ಬೇಡವೇ ಬೇಡ. ಸೇಫ್ಟಿ ಮರೆಯುವುದನ್ನೇ ನೀವು ದುಡ್ಡು ಕೊಟ್ಟು ಕಲಿತ ಹಾಗಾಗುತ್ತದೆ.

ಇನ್ನು "ಹತ್ತು ಸಾವಿರ .22 ಹೊಡೀರಿ, 9 ಎಂಎಂ ತಾನಾಗೇ ಕೈಗೆ ಬರುತ್ತೆ" ಅನ್ನುವ ಗುರುಗಳಿದ್ದಾರಲ್ಲ, ಅವರ ಮಾತು ಕೇಳಬೇಡಿ. .22ರ ಸೀಸ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ. 9 ಎಂಎಂದು ಸಾಮಾನ್ಯವಾಗಿ 115 ಗ್ರೇನ್, ಏಳೂವರೆ ಗ್ರಾಂ. ಒದೆತ ಒಂದೇ ಆಗೋದು ಹೇಗೆ? ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬರು ಐದು ತಿಂಗಳು ಬರೀ .22 ಹೊಡೆದರು, ಗುರಿಹಲಗೆಯಲ್ಲಿ ಎಲ್ಲ ತೂತುಗಳೂ ಒಂದು ಬೊಟ್ಟಿನಷ್ಟು ಜಾಗದಲ್ಲಿ. ಒಂದು ದಿನ ಅವರ 9 ಎಂಎಂ ಮ್ಯಾಗಜಿನ್ ನಡುವೆ ಹೇಳದೆ ಒಂದು ಸಿಡಿಯದ ಡಮ್ಮಿ ಗುಂಡು ಸೇರಿಸಿಟ್ಟೆ. ಮೂರನೇ ಸಲ ಸದ್ದೇ ಬರಲಿಲ್ಲ, ಆದರೆ ಪಿಸ್ತೂಲಿನ ಮೂತಿ ಎರಡು ಬೆರಳಷ್ಟು ಕೆಳಗೆ ಕುಕ್ಕಿತು. ಅವರೇ ನೋಡಿ ಬೆಪ್ಪಾದರು. ಒದೆತಕ್ಕೆ ಹೆದರುವ ಕೈ ಹಾಗೇ ಇತ್ತು, .22 ಅದನ್ನು ಸುಮ್ನೆ ಮುಚ್ಚಿಟ್ಟಿತ್ತು.

ಹಾಗಾಗಿ ಮೊದಲ ಐದು ಗುಂಡು ನಿಮ್ಮ ಗ್ಲಾಕ್ 19ರಲ್ಲಿ, ಕೈ ಇನ್ನೂ ಬಿಸಿಯಾಗುವ ಮುಂಚೆ. ಆಮೇಲೆ .22 ಎಷ್ಟು ಬೇಕಾದರೂ ಹೊಡೀರಿ. ಕೊನೆಗೆ ಮತ್ತೆ ಹತ್ತು 19ರಲ್ಲೇ.

.22ರ ಸಿಡಿಮದ್ದು ತೋಟಾದ ತಳದ ಅಂಚಿನೊಳಗೆ ಇರುತ್ತದೆ, ಎಲ್ಲ ಕಡೆ ಸಮನಾಗಿ ಹರಡಿರದಿದ್ದರೆ ಒಮ್ಮೊಮ್ಮೆ ಸಿಡಿಯಲ್ಲ. ಸಿಡಿಯದಿದ್ದರೆ ಮೂತಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು. ಸದ್ದು ಪುಸ್ಸೆಂದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ನಳಿಕೆಯಲ್ಲಿ ಸೀಸ ಸಿಕ್ಕಿದೆಯಾ ನೋಡಿ. ಇಷ್ಟು ಜಾಗ್ರತೆ ಅತಿ ಅಂತ ನಗುವವರು ನಗಲಿ.

ಪ್ರಶ್ನೆ: ನನ್ನದು ಐದು ಗುಂಡಿನ ರೂಗರ್ ಎಲ್‌ಸಿಆರ್ .38 ರಿವಾಲ್ವರ್. ಅದಕ್ಕೆ ಜೋಡಿ?

ಉತ್ತರ: ಎಲ್‌ಸಿಆರ್‌ನಲ್ಲೇ .22 ಇದೆ, ಎಂಟು ಗುಂಡು. ಟ್ರಿಗರ್ ಸ್ವಲ್ಪ ಗಟ್ಟಿ, ಅದು ಒಳ್ಳೇದೇ.

ಪ್ರಶ್ನೆ: .22ರಲ್ಲಿ ರೂಗರ್ ಮಾರ್ಕ್ 4 ಪಿಸ್ತೂಲು ಚೆನ್ನಾಗಿದೆ ಅಂತಾರಲ್ಲ?

ಉತ್ತರ: ಚೆನ್ನಾಗಿದೆ. ನಿಮ್ಮ ಪಿಸ್ತೂಲಿಗೆ ಜೋಡಿ ಅಲ್ಲ.

ಪ್ರಶ್ನೆ: .22 ಸದ್ದು ಕಡಿಮೆ, ಕಿವಿಗೆ ಏನೂ ಬೇಡ ಅಲ್ವಾ?

ಉತ್ತರ: ಪಿಸ್ತೂಲಿನಲ್ಲಿ ಅದು 140 ಡೆಸಿಬೆಲ್ ದಾಟುತ್ತದೆ. ಕಿವಿ ಮುಚ್ಚಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಖಾಲಿ .22ರ ಟ್ರಿಗರ್ ಒತ್ತಿ ಅಭ್ಯಾಸ ಮಾಡಬಹುದಾ?

ಉತ್ತರ: ಆ ಅಭ್ಯಾಸ 9 ಎಂಎಂನಲ್ಲೇ ಮಾಡಿ. ಎಷ್ಟೋ .22ಗಳಲ್ಲಿ ಒಳಗಿನ ಸೂಜಿ ನಳಿಕೆಯ ಅಂಚಿಗೇ ಬಡಿದು ಗುಳಿ ಬೀಳಿಸುತ್ತದೆ. ಯಾವುದರಲ್ಲಿ ಮಾಡಿದರೂ ಆ ಕೋಣೆಯಲ್ಲಿ ಒಂದು ಗುಂಡೂ ಇರಬಾರದು. ನಾನಂತೂ ಗುಂಡಿನ ಡಬ್ಬಿ ಬೇರೆ ಕೋಣೆಯ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಹೆಂಡತಿ ಕೈಗೆ ಕೊಟ್ಟು ಬರುತ್ತೇನೆ.