ನಮ್ಮ ಊರಿನ ಹಳೆ ಸಾಮಾನುಗಳನ್ನು ಸೇರಿಸಿ ಸಣ್ಣ ಮ್ಯೂಸಿಯಂ ಮಾಡಬೇಕು ಅಂತಿದ್ದೇವೆ. ಕಟ್ಟಡಕ್ಕೆ ಹಣ ಎಲ್ಲಿ ಸಿಗುತ್ತದೆ?

ಕಟ್ಟಡ ಕಟ್ಟಬೇಡಿ. ಹಣದ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಮನೆ ಮನೆಗೆ ಹೋಗಿ ಸಾಮಾನು ಸೇರಿಸಿದ್ದೇವೆ, ಸದ್ಯಕ್ಕೆ ಯುವಕ ಸಂಘದ ರೂಮಿನಲ್ಲಿ ಇಟ್ಟಿದ್ದೇವೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಅಂತು. ನಾವೂ ಶುರು ಮಾಡಿದ್ದು ಹಾಗೇ. ನಮ್ಮದು ಸೊರಬ ತಾಲೂಕಿನ ಒಂದು ಹಳ್ಳಿ. ಹಳೆ ಶಾಲೆಯ ಒಂದು ಕೋಣೆ ಖಾಲಿ ಬಿದ್ದಿತ್ತು. ಬೇಸಿಗೆಯಲ್ಲಿ ಅಡಿಕೆ ಕೆಲಸ ಮುಗಿದ ಮೇಲೆ ಹುಡುಗರೆಲ್ಲ ಸೇರಿ ಒಂದು ಟ್ರ್ಯಾಕ್ಟರ್ ಟ್ರೇಲರ್ ತಗೊಂಡು ಮನೆ ಮನೆಗೆ ಹೋದೆವು. ಜನ ಧಾರಾಳವಾಗಿ ಕೊಟ್ಟರು. ಅಟ್ಟದ ಮೇಲೆ ಇಲಿ ತಿನ್ನುತ್ತಾ ಬಿದ್ದದ್ದು ನಾಲ್ಕು ಜನರ ಕಣ್ಣಿಗಾದರೂ ಬೀಳಲಿ ಅಂತ. ಕೊಳಗ, ಸೇರು, ಮರಿಗೆ, ಕಡೆಗೋಲು, ಮಳೆಗಾಲದ ಗೊರಬು, ತೊಟ್ಟಿಲು, ಅಡಕತ್ತರಿ, ತಾಳೆಗರಿಯ ಕಟ್ಟು, ಎರಡು ಕಡತ. ಕೋಣೆ ತುಂಬಿತು. ಪೇಪರಿನವರೂ ಬಂದು ಫೋಟೋ ತೆಗೆದುಕೊಂಡು ಹೋದರು.

ಯಾವುದು ಯಾರ ಮನೆಯದು ಅಂತ ನಾವು ಬರೆದುಕೊಳ್ಳಲಿಲ್ಲ.

ಇಷ್ಟೇ. ಇದೊಂದರಿಂದ ಎಲ್ಲ ಹಾಳಾಯಿತು. ಓದಿದರೆ ನಿಮಗೆ "ಅಯ್ಯೋ, ಅದೇನು ಮಹಾ" ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಊರು ಅಂದರೆ ಎಷ್ಟು ಮನೆ, ಎಲ್ಲರೂ ಗೊತ್ತಿದ್ದವರೇ, ಮರೆಯುವುದಕ್ಕೆ ಏನಿದೆ? ಮೇಲಿನ ಮನೆಯ ಮರಿಗೆ ಎಡಗಡೆ ಮೂಲೆಯಲ್ಲಿ, ಗೌಡರ ಮನೆ ಕೊಳಗ ಕಿಟಕಿ ಪಕ್ಕ. ಹೀಗೆ ಜಾಗದ ಮೇಲೆ ನೆನಪಿಟ್ಟುಕೊಂಡಿದ್ದೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆ ಗೊತ್ತಲ್ಲ. ಹೆಂಚು ಸೋರಿತು. ರಾತ್ರೋರಾತ್ರಿ ಕೈಗೆ ಸಿಕ್ಕಿದ್ದನ್ನೆಲ್ಲ ಪಕ್ಕದ ಕೋಣೆಗೆ ಸಾಗಿಸಿದೆವು. ಬೆಳಿಗ್ಗೆ ನೋಡಿದರೆ ಎಲ್ಲವೂ ಒಣಗಿ ಕೂತಿದ್ದವು, ಯಾವುದು ಯಾರದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಮರಿಗೆಗಳೆಲ್ಲ ಒಂದೇ ಥರ. ಕೊಳಗಗಳೆಲ್ಲ ಒಂದೇ ಥರ. ಕಡತವಂತೂ ಎರಡೂ ಕರಿ, ಎರಡಕ್ಕೂ ಹಲಗೆ, ಎರಡೂ ಒಂದೇ ಅಳತೆ.

ಕಡತ ನೋಡದವರಿಗೆ ಹೇಳುತ್ತೇನೆ. ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸುತ್ತಾರೆ. ಆಮೇಲೆ ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗೂ ತೆಳು ಹಲಗೆ ಕೊಡುತ್ತಾರೆ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸಬಹುದು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ನಮ್ಮ ಎರಡು ಕಡತದಲ್ಲೂ ಇದ್ದದ್ದು ಗೇಣಿ ಲೆಕ್ಕ, ಅಂದರೆ ಒಡೆಯರ ಜಮೀನು ಉಳುವವರು ಅವರಿಗೆ ಅಳೆಯುತ್ತಿದ್ದ ಭತ್ತದ ಲೆಕ್ಕ. ಯಾರು ಎಷ್ಟು ಖಂಡುಗ ಭತ್ತ ಅಳೆದರು, ಎಷ್ಟು ಕೊಳಗ ಬಾಕಿ ಉಳಿಯಿತು, ಹೀಗೆ. ಒಂದು ಖಂಡುಗಕ್ಕೆ ಇಪ್ಪತ್ತು ಕೊಳಗ. ಅಕ್ಷರ ಕನ್ನಡವೇ ಆದರೂ ಹಳೆ ಮೋಡಿ ಬರಹ, ಅಕ್ಷರ ಕೂಡಿಸಿ ಬರೆಯುವಂಥದ್ದು, ನಮಗ್ಯಾರಿಗೂ ಸಲೀಸಾಗಿ ಓದಲು ಬರುತ್ತಿರಲಿಲ್ಲ. ಕೊಟ್ಟ ಎರಡು ಮನೆಗಳಲ್ಲಿ ಒಂದರಲ್ಲಿ ಅಣ್ಣತಮ್ಮಂದಿರ ಪಾಲು ಶುರುವಾಯಿತು. ಅಣ್ಣ ಬಂದು ಕೇಳಿದರು: "ಕಡತ ಕೊಟ್ಟಿದ್ದು ಯಾರು? ಅದು ಅವನೊಬ್ಬನದಾ?" ಕೊಟ್ಟಿದ್ದು ತಮ್ಮ. ದಾನವಾಗಿ ಕೊಟ್ಟರೋ, ಇಟ್ಟುಕೊಳ್ಳಲು ಕೊಟ್ಟರೋ ನಮಗೆ ಗೊತ್ತಿಲ್ಲ, ಕೇಳಿಯೇ ಇರಲಿಲ್ಲ. ತಮ್ಮನನ್ನು ಕೇಳಿದರೆ, "ನೋಡಿ ವಾಪಸ್ ಕೊಡ್ತೀವಿ ಅಂದಿದ್ರಲ್ಲ" ಅಂದರು. ನಾವು ಹಾಗೆ ಅಂದಿದ್ದೆವಾ? ಅಂದಿರಲೂಬಹುದು.

ಇನ್ನೊಂದು ಮನೆಗೂ ಸುದ್ದಿ ಹೋಯಿತು. ನಮ್ಮದು ಅವರಿಗೆ ಹೋಗಿಬಿಟ್ಟರೆ? ಅವರೂ ಬಂದರು.

ಇದು ಸುಮ್ನೆ ಹಳೆ ಬಟ್ಟೆಯ ಜಗಳ ಅಂದುಕೊಳ್ಳಬೇಡಿ. ನಮ್ಮ ಕಡೆ ಗೇಣಿ ಅನ್ನುವುದು ಇವತ್ತಿಗೂ ಬಿಸಿ ವಿಷಯ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಉಳುವವರಿಗೆ ಜಮೀನು ಆಯಿತು. ಒಡೆಯರ ಮನೆಯವರೂ ಒಕ್ಕಲು ಮನೆಯವರೂ ಈಗಲೂ ಅದೇ ಊರಲ್ಲಿದ್ದಾರೆ, ಅದೇ ಸೊಸೈಟಿಯ ಕ್ಯೂನಲ್ಲಿ ನಿಲ್ಲುತ್ತಾರೆ. ಕಡತದಲ್ಲಿ ತಮ್ಮ ಅಜ್ಜನ ಹೆಸರಿನ ಮುಂದೆ ಬಾಕಿ ಬರೆದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಊರಿಗೆಲ್ಲ ತೋರಿಸುವುದು ಯಾರಿಗೆ ಇಷ್ಟವಾಗುತ್ತದೆ? ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ನಮಗೆ ಅದು ಬರೀ "ಪುರಾತನ ವಸ್ತು".

ಸರಿ, ಎರಡನ್ನೂ ಬಿಚ್ಚಿ ಹೆಸರು ನೋಡಿ ಗುರುತಿಸೋಣ, ಓದಲು ಬಲ್ಲವರೊಬ್ಬರನ್ನು ಕರೆಸೋಣ ಅಂತ ಮಾತಾಯಿತು. ಅವರು ಬರುತ್ತಾರೆ ಅಂತ ನಮ್ಮ ಹುಡುಗನೊಬ್ಬ ಹಿಂದಿನ ದಿನ ಕೋಣೆಯನ್ನೆಲ್ಲ ಚೊಕ್ಕ ಮಾಡಿದ. ಕಡತದ ಮೇಲೆ ಬೂಸ್ಟು ಬಂದಿತ್ತು. ಒದ್ದೆ ಬಟ್ಟೆ ತಗೊಂಡು ನೀಟಾಗಿ ಒರೆಸಿದ. ಪಾಪ, ಅವನಿಗೇನು ಗೊತ್ತು. ಹೆಸರುಗಳಿದ್ದ ಮೊದಲ ಮಡಿಕೆಗಳು ಕರ್ರಗೆ ಮಿಂಚುತ್ತಿದ್ದವು. ಒಂದಕ್ಷರ ಇಲ್ಲ.

ಆಮೇಲೆ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡೂ ಮನೆಯವರು ನಮ್ಮ ಜೊತೆ ಮಾತು ಬಿಟ್ಟರು. ಉಳಿದವರು ಒಬ್ಬೊಬ್ಬರಾಗಿ ಬಂದು "ನಮ್ಮದು ಕೊಟ್ಟುಬಿಡಿ" ಅಂದರು. ಯಾವುದು ಅಂತ ನಮಗೆ ಗೊತ್ತಿಲ್ಲ, ಅವರಿಗೂ ಖಚಿತವಿಲ್ಲ. ಚೆನ್ನಾಗಿದ್ದ ಕೊಳಗ ಮೊದಲು ಬಂದವರಿಗೆ ಹೋಯಿತು. ಕೋಣೆ ಖಾಲಿಯಾಯಿತು. ಹುಡುಗರ ಮೇಲೆ ಊರಿನವರಿಗೆ ಇದ್ದ ನಂಬಿಕೆಯೂ ಹೋಯಿತು, ಅದು ತಿರುಗಿ ಬರಲು ವರ್ಷಗಳೇ ಹಿಡಿದವು.

ಈಗ ನಿಮ್ಮ ಪ್ರಶ್ನೆ. ಇವತ್ತೇ ಒಂದು ದಪ್ಪ ರಟ್ಟಿನ ರಿಜಿಸ್ಟರ್ ತನ್ನಿ. ಬಿಡಿ ಹಾಳೆ ಬೇಡ, ಎಕ್ಸೆಲ್ ಒಂದೇ ಸಾಲದು. ಒಂದೊಂದು ಸಾಮಾನಿಗೂ ಒಂದು ನಂಬರ್. ನಂಬರ್ ಅಂದರೆ ವರ್ಷ, ಆಮೇಲೆ ಆ ವರ್ಷದ ಕ್ರಮ ಸಂಖ್ಯೆ. ಸಾಮಾನು ಹೋದರೂ ಆ ನಂಬರನ್ನು ಬೇರೆಯದಕ್ಕೆ ಕೊಡಬೇಡಿ. ಮುಂದೆ ಬರೆಯಬೇಕಾದದ್ದು: ಊರಿನಲ್ಲಿ ಅದಕ್ಕೆ ಏನನ್ನುತ್ತಾರೆ, ಯಾರ ಮನೆಯದು, ಯಾರು ಕೈಯಾರೆ ಕೊಟ್ಟರು, ಮನೆಯಲ್ಲಿ ಬೇರೆಯವರಿಗೆ ಒಪ್ಪಿಗೆ ಇದೆಯಾ, ಪೂರ್ತಿ ಕೊಟ್ಟರಾ ಇಲ್ಲಾ ಇಟ್ಟುಕೊಳ್ಳಲು ಕೊಟ್ಟರಾ, ಯಾರು ಮಾಡಿದ್ದು, ಯಾರು ಬಳಸುತ್ತಿದ್ದರು, ಎಲ್ಲಿ ಒಡೆದಿದೆ. ಇಬ್ಬರದೂ ಸಹಿ. ಒಂದು ಪ್ರತಿ ಅವರಿಗೆ. ಫೋನಿನಲ್ಲಿ ಫೋಟೋ ತೆಗೆಯುವಾಗ ನಂಬರ್ ಬರೆದ ಚೀಟಿ ಪಕ್ಕದಲ್ಲಿರಲಿ.

ನಂಬರನ್ನು ಸಾಮಾನಿನ ಮೇಲೆ ಮಾರ್ಕರ್‌ನಲ್ಲಿ ಗೀಚಬೇಡಿ. ಮರಕ್ಕೆ, ಲೋಹಕ್ಕೆ ಕಾಣದ ಜಾಗದಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟನ್ನು ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಬರೆದು, ಮೇಲೆ ಇನ್ನೊಂದು ಪದರ ಕೊಡುತ್ತಾರೆ. ಬೇಕೆಂದಾಗ ಅಸಿಟೋನ್‌ನಲ್ಲಿ ತೆಗೆಯಬಹುದು. ಬಟ್ಟೆ, ತಾಳೆಗರಿ, ಕಡತ ಇಂಥವಕ್ಕೆ ಹತ್ತಿಯ ಲಾಡಿಯಲ್ಲಿ ಚೀಟಿ ಕಟ್ಟಿದರೆ ಸಾಕು. ಒದ್ದೆ ಬಟ್ಟೆ ಮಾತ್ರ ಆ ಕೋಣೆಯೊಳಗೇ ಬರಕೂಡದು.

ಈಗಾಗಲೇ ತಂದಿದ್ದೀರಲ್ಲ, ಅವನ್ನು ಈ ವಾರವೇ ಮನೆಯವರನ್ನು ಕರೆದು ಬರೆಸಿ. ನೆನಪಿರುವಾಗಲೇ. ಮಳೆಗಾಲಕ್ಕೆ ಮುಂಚೆ.

ಬರೆಸಲು ಹೋದಾಗ ಇನ್ನೊಂದು ವಿಷಯ ಗೊತ್ತಾಗುತ್ತದೆ, ನಮಗೆ ತಡವಾಗಿ ಗೊತ್ತಾಯಿತು. ಎಷ್ಟೋ ಸಾಮಾನು ನಿಮಗೆ ಬೇಡವೇ ಬೇಡ. ಅದು ಮನೆಯಲ್ಲೇ ಇರಲಿ, ಅದರ ವಿವರ ರಿಜಿಸ್ಟರಿಗೆ ಬರಲಿ. ನಮ್ಮ ಕೋಣೆಯಲ್ಲಿ ನಮ್ಮ ಕಡೆಯ ದೀವರ ಸಮುದಾಯದ ಮನೆಯೊಂದರಿಂದ ತಂದ ಭೂಮಣ್ಣಿ ಬುಟ್ಟಿಯೂ ಇತ್ತು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊತ್ತುಕೊಂಡು ಹೋಗುವ ಬುಟ್ಟಿ. ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಸಣ್ಣ ಸಣ್ಣ ಗೆರೆಯ ಚಿತ್ತಾರ. ಕೂದಲೆಳೆಯಷ್ಟು ಸಪೂರ ಗೆರೆ, ಒಂದಕ್ಕೊಂದು ತಾಗಿಲ್ಲ. ನಾವು ಅದನ್ನು ಮಧ್ಯದಲ್ಲಿ ಗಾಜಿನೊಳಗೆ ಇಟ್ಟು ಕೈ ಮುಟ್ಟಬೇಡಿ ಅಂತ ಬೋರ್ಡ್ ಹಾಕಿದ್ದೆವು. ಹುಣ್ಣಿಮೆ ಹತ್ತಿರ ಬಂದಾಗ ಆ ಮನೆಯ ಅಜ್ಜಿ ಬಂದರು. "ಬುಟ್ಟಿ ಕೊಡ್ರೋ, ಮಣ್ಣು ಬಳಿಬೇಕು." ಬಳಿದರೆ ಚಿತ್ತಾರ ಹೋಗುತ್ತದಲ್ಲಜ್ಜಿ ಅಂದೆ. ನನ್ನ ಮುಖ ನೋಡಿ ನಕ್ಕರು. "ಹೋಗ್ಲಿ, ಮತ್ತೆ ಬರೀತೀನಲ್ಲ." ವರ್ಷ ವರ್ಷ ಬಳಿದು ಬರೆಯುವುದೇ ಅದರ ಕ್ರಮ. ನಾವು ಉಳಿಸುತ್ತೇವೆ ಅಂತ ಹೊರಟದ್ದು ಹೋದ ವರ್ಷದ ಬಣ್ಣವನ್ನು. ಉಳಿಯಬೇಕಾದದ್ದು ಅಜ್ಜಿಯ ಕೈಕೆಲಸ, ಮತ್ತು ಅದನ್ನು ಕಲಿಯುವ ಮೊಮ್ಮಗಳು.

ಹಾಗಾಗಿ ಈಗ ನಾವು ಕೋಣೆಯನ್ನೇ ಇಟ್ಟಿಲ್ಲ. ರಿಜಿಸ್ಟರ್ ಇದೆ. ಸಾಮಾನು ಅವರವರ ಮನೆಯಲ್ಲಿದೆ. ಊರ ಜಾತ್ರೆಯ ಹೊತ್ತಿಗೆ ಶಾಲೆಯ ಜಗಲಿಯಲ್ಲಿ ಬೆಂಚು ಹಾಕುತ್ತೇವೆ. ಮನೆಯವರೇ ತಂದಿಟ್ಟು, ಪಕ್ಕದಲ್ಲಿ ಕೂತು, ಬಂದವರಿಗೆ ಹೇಳಿ, ಸಂಜೆ ವಾಪಸ್ ಒಯ್ಯುತ್ತಾರೆ. ಅಜ್ಜಂದಿರಿಗೆ ಮಾತಾಡಲು ಇಷ್ಟು ಕಿವಿ ಬೇರೆಲ್ಲೂ ಸಿಗುವುದಿಲ್ಲ. ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇವೆ, ರಿಜಿಸ್ಟರಿನ ನಂಬರನ್ನೇ ಫೈಲಿಗೂ ಹಾಕುತ್ತೇವೆ. ಕಡತ ಕೊಟ್ಟಿದ್ದ ಮನೆಗಳಲ್ಲಿ ಒಂದರವರು ಹೋದ ಜಾತ್ರೆಗೆ ಬಂದಿದ್ದರು. ಬರಿಗೈಯಲ್ಲಿ ಬಂದಿದ್ದರು, ಇರಲಿ.

ವೀರಗಲ್ಲು, ಸತಿ ಹೋದವರ ಮಾಸ್ತಿಗಲ್ಲು ತರುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ವೀರಗಲ್ಲಿನ ಕೆತ್ತನೆ ನೋಡಿದ್ದೀರಲ್ಲ, ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ದನ ಕಾಯಲು ಹೋಗಿ ಸತ್ತವನ ಕಲ್ಲು ಅವನು ಸತ್ತ ಊರಿನಲ್ಲೇ ಇರಬೇಕು. ಸೊರಬದ ಕಡೆ ಇಂಥವು ಹೆಜ್ಜೆಗೊಂದು. ನೂರು ವರ್ಷ ದಾಟಿದ ಕಲ್ಲಿನ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ, ಸುಮ್ನೆ ಎತ್ತಿಕೊಂಡು ಬಂದು ಇಟ್ಟುಕೊಳ್ಳುವ ಹಾಗಿಲ್ಲ. ಕಲ್ಲು ಮಣ್ಣಲ್ಲಿ ಹೂತು ಹೋಗುತ್ತಿದ್ದರೆ, ರಸ್ತೆ ಕೆಲಸಕ್ಕೆ ಸಿಕ್ಕುತ್ತಿದ್ದರೆ ಪುರಾತತ್ವ ಇಲಾಖೆಗೆ ಬರೆಯಿರಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು, ಗಂಗರ ಕಾಲದ್ದು, ಸುಮಾರು 750ನೇ ಇಸವಿಯದು. ಜನ ಅದನ್ನು ದೂರದ ಮ್ಯೂಸಿಯಮ್ಮಿಗೆ ಕಳಿಸದೆ ಆ ಊರಿನಲ್ಲೇ ಮಂಟಪ ಕಟ್ಟಿ ನಿಲ್ಲಿಸಿದರು. ಅಷ್ಟು ದೊಡ್ಡ ನಗರದಲ್ಲಿ ಆಗಿದ್ದು ನಮ್ಮ ಹಳ್ಳಿಗಳಲ್ಲಿ ಆಗುವುದಿಲ್ವಾ?

ನಿಮ್ಮೂರಿನ ಕಲ್ಲುಗಳ ಪಟ್ಟಿ ಆಗಲೇ ಇದೆಯೋ ನೋಡಿ. ಬಿ. ಎಲ್. ರೈಸ್ ಮಾಡಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಹಳೆ ಮೈಸೂರು ಸಂಸ್ಥಾನದ ತಾಲೂಕುಗಳೆಲ್ಲ ಇವೆ. ನಮ್ಮ ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿಯ ಶಾಸನಗಳು 1904ರ 8ನೇ ಸಂಪುಟದಲ್ಲಿವೆ. ಹಳೆ ಸಂಪುಟ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಹಿಡಿದು ಒಂದೊಂದು ಕಲ್ಲನ್ನೂ ಹುಡುಕಿ, ಈಗ ಎಲ್ಲಿದೆ, ಹೇಗಿದೆ ಅಂತ ಬರೆಯಿರಿ. ಶಾಲೆ ಮಕ್ಕಳಿಗೆ ಇದಕ್ಕಿಂತ ಖುಷಿಯ ಕೆಲಸ ಇಲ್ಲ. ಒಂದು ಕಲ್ಲು ನಮಗೆ ಬಟ್ಟೆ ಒಗೆಯುವ ಜಾಗದಲ್ಲಿ ಸಿಕ್ಕಿತು.

ಯಾರೋ ಒಬ್ಬರು ಹೇಳುತ್ತಾರೆ: "ಕೆಳದಿಯಲ್ಲಿ ಮ್ಯೂಸಿಯಂ ಮಾಡಿಲ್ವಾ, ಬಂಟ್ವಾಳದಲ್ಲಿ ಮಾಡಿಲ್ವಾ?" ಮಾಡಿದ್ದಾರೆ, ಹೋಗಿ ನೋಡಿ ಬನ್ನಿ. ಆದರೆ ಕೆಳದಿಯ ಗುಂಡಾ ಜೋಯಿಸರು ತಾಳೆಗರಿ ಸೇರಿಸಿ ಕಪಾಟಿನಲ್ಲಿ ಇಟ್ಟು ಸುಮ್ಮನಾದವರಲ್ಲ. ತಿಗಳಾರಿ ಲಿಪಿ ಓದಿದರು, ಪಟ್ಟಿ ಮಾಡಿದರು, ಕೆಳದಿ ಅರಸರ ಚರಿತ್ರೆ ಬರೆದರು, ಅದಕ್ಕೇ ಜೀವನ ಕೊಟ್ಟರು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರ ತುಳು ಬದುಕು ಸಂಗ್ರಹವೂ ಹಾಗೆಯೇ ಒಬ್ಬ ಇತಿಹಾಸದ ಮೇಷ್ಟ್ರ ಹತ್ತಾರು ವರ್ಷದ ದುಡಿಮೆ. ನಿಮ್ಮಲ್ಲಿ ಅಂಥವರೊಬ್ಬರು ಇದ್ದಾರಾ? ಇದ್ದರೆ ಕಟ್ಟಡ ತಾನಾಗಿ ಬರುತ್ತದೆ. ಇಲ್ಲದಿದ್ದರೆ ಕಟ್ಟಡ ಕಟ್ಟಿಸಿದವರು ರಿಬ್ಬನ್ ಕತ್ತರಿಸಿ ಹೋಗುತ್ತಾರೆ, ಕರೆಂಟ್ ಬಿಲ್ ನಿಮ್ಮ ಸಂಘದ ಹೆಸರಿಗೆ ಬರುತ್ತದೆ.

ಹಣದ ವಿಷಯ ಹೇಳುತ್ತೇನೆ ಅಂದಿದ್ದೆ. ರಿಜಿಸ್ಟರ್, ಲಾಡಿ, ಚೀಟಿ, ಒಂದು ಹಾರ್ಡ್ ಡಿಸ್ಕ್, ಜಾತ್ರೆಯ ದಿನದ ಚಹಾ. ಇಷ್ಟನ್ನು ನೀವೇ ಚಂದಾ ಎತ್ತಿ ಮಾಡಿ. ತಾಳೆಗರಿ, ಹಸ್ತಪ್ರತಿ ಇದ್ದರೆ ಅವು ಮನೆಯಲ್ಲಿದ್ದ ಹಾಗೆಯೇ ಪಟ್ಟಿ ಮಾಡಿಕೊಳ್ಳುವ ಕೆಲಸವನ್ನು ಕೇಂದ್ರ ಸರ್ಕಾರದ ಹಸ್ತಪ್ರತಿ ಮಿಷನ್ 2003ರಲ್ಲಿ ಶುರು ಮಾಡಿತು, 2025ರಿಂದ ಅದು ಜ್ಞಾನ ಭಾರತಂ ಅನ್ನುವ ಹೆಸರಿನಲ್ಲಿದೆ, ವಿಶ್ವವಿದ್ಯಾಲಯದವರ ಮೂಲಕ ವಿಚಾರಿಸಿ. ಶಾಸಕರ ಅನುದಾನ ಕೇಳುವುದೇ ಆದರೆ ಸೋರುವ ಶಾಲೆಯ ಹೆಂಚು ಬದಲಿಸಲು ಕೇಳಿ. ಜಗಲಿ ನಿಮಗೂ ಬೇಕಲ್ಲ.